ಕಡ ತಂದ ಮಾತು

ತೇರದಾಳದಲ್ಲಿ ಒಂದು ಹಳೆಯ ಶಾಸನವುಂಟು. ಶಕವರ್ಷ 1045, ಎಂದರೆ ಕ್ರಿ. ಶ. 1123ರ ಸುಮಾರಿನದು, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಅಲ್ಲಿಯ ಮಾಂಡಲಿಕನಾದ ಗೊಂಕನು ನೇಮಿನಾಥ ತೀರ್ಥಂಕರನಿಗೆ ಬಸದಿಯೊಂದನ್ನು ಕಟ್ಟಿಸಿ ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ರಟ್ಟರ ಅರಸು ಕಾರ್ತವೀರ್ಯನ ಹೆಸರಿದೆ. ಕೊಲ್ಲಾಪುರದ ರೂಪನಾರಾಯಣ ಬಸದಿಯ ಆಚಾರ್ಯರಾದ ಮಾಘನಂದಿ ಸೈದ್ಧಾಂತಿಕರ ಹೆಸರಿದೆ. ಆ ಕಾಲದ ದಾನಶಾಸನಗಳ ರೀತಿಯೇ ಹಾಗೆ. ಕೊಟ್ಟವರು ಯಾರು, ಯಾರ ಇದಿರಿನಲ್ಲಿ ಕೊಟ್ಟರು, ಯಾರ ಕೈಗೆ ಕೊಟ್ಟರು ಎಂಬುದನ್ನೆಲ್ಲ ಹೆಸರು ಹಿಡಿದು ಹೇಳಿದ ಮೇಲೆಯೇ ಮುಂದಿನ ಮಾತು. ಎಷ್ಟೋ ಶಾಸನಗಳಲ್ಲಿ ಪಾಠವನ್ನು ರಚಿಸಿದವನ ಹೆಸರೂ ಕಲ್ಲಿನಲ್ಲಿ ಅದನ್ನು ಕಂಡರಿಸಿದವನ ಹೆಸರೂ ಸಿಗುತ್ತವೆ. ಕೊನೆಗೆ ಬರುವುದು ಶಾಪ. ತಾನು ಕೊಟ್ಟುದಿರಲಿ, ಪರರು ಕೊಟ್ಟುದಿರಲಿ, ದಾನದ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಕ್ರಿಮಿಯಾಗಿ ಹುಟ್ಟುವನಂತೆ.

ಭೂಮಿಯ ಕಳವಿಗೆ ಅಷ್ಟು ದೊಡ್ಡ ಶಿಕ್ಷೆಯಾದರೆ ಮಾತಿನ ಕಳವಿಗೆ ಎಷ್ಟು? ಈ ಪ್ರಶ್ನೆ ಇಂದು ಕಾಲೇಜುಗಳ ಮುಂದೆ ಬಂದು ನಿಂತಿದೆ. ಹುಡುಗರ ಅಂಗೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಅಂತರಜಾಲ, ಅಂತರಜಾಲದಲ್ಲಿ ಜಗತ್ತಿನ ಸಕಲ ಬರವಣಿಗೆ. ಬೆರಳು ಒತ್ತಿದರೆ ಪ್ರತಿ ಸಿದ್ಧ. ಹಿಂದೆ ಕದಿಯುವವನಿಗೆ ಕೈನೋವಾದರೂ ಆಗುತ್ತಿತ್ತು. ಅಕ್ಷರ ಅಕ್ಷರವಾಗಿ ಬರೆದುಕೊಳ್ಳುವಾಗ ವಿಷಯ ಸ್ವಲ್ಪವಾದರೂ ತಲೆಗೆ ಅಂಟುತ್ತಿತ್ತು. ಈಗ ಆ ಲಾಭವೂ ಇಲ್ಲ.

ತೇರದಾಳದ ಕಾಲೇಜೊಂದರ ತರಗತಿಯನ್ನು ಕಲ್ಪಿಸಿಕೊಳ್ಳಬಹುದು. ಕನ್ನಡದ ಅಧ್ಯಾಪಕರು ಊರಿನ ಶಾಸನದ ಮೇಲೆ ಎರಡು ಪುಟ ಬರೆದು ತರಲು ಹೇಳುತ್ತಾರೆ. ನಲವತ್ತು ಮಂದಿ ಬರೆದು ತರುತ್ತಾರೆ. ಬರೆದ ಕೈಗಳು ನಲವತ್ತು, ಮಾತು ಮಾತ್ರ ಒಬ್ಬನದು. ಆ ಒಬ್ಬನ ಕಾಗುಣಿತದ ತಪ್ಪು ಕೂಡ ನಲವತ್ತು ಕಡೆಯಲ್ಲಿ ತಪ್ಪದೆ ಹಾಜರಿರುತ್ತದೆ. ಅಧ್ಯಾಪಕರು ಮುಂದಿನ ಸಾಲಿನ ಹುಡುಗನನ್ನು ಕೇಳುತ್ತಾರೆ:

“ಇದನ್ನ ಎಲ್ಲಿಂದ ತಂದೀಯೋ ತಮ್ಮಾ?”

“ಮೊಬೈಲ್‌ನ್ಯಾಗ ಸಿಕ್ತ್ರೀ ಸರ.”

“ಮೊಬೈಲ್‌ನ್ಯಾಗ ಬರದಾಂವ ಯಾರು?”

“ಅದರಾಗ ಹೆಸರ ಇಲ್ರೀ. ಎಲ್ಲಾರೂ ಹಂಗ ಬರದಾರ್ರೀ.”

ಹುಡುಗನ ಉತ್ತರದಲ್ಲಿ ಕಪಟವಿಲ್ಲ. ಒಡೆಯನಿಲ್ಲದ ಹೊಲದಲ್ಲಿ ಹುಲ್ಲು ಕೊಯ್ದವನಿಗೆ ಕದ್ದೆನೆಂಬ ಅಳುಕು ಹೇಗೆ ಹುಟ್ಟಬೇಕು? ಇಂಥವನನ್ನು ಎದ್ದು ನಿಲ್ಲಿಸಿ ಕಳ್ಳನೆಂದು ಕರೆದರೆ ಅವನು ಅವಮಾನವನ್ನು ಮಾತ್ರ ಕಲಿಯುತ್ತಾನೆ. ಮುಂದಿನ ಸಲ ನಾಲ್ಕು ಪದಗಳನ್ನು ತಿರುವಿಹಾಕಿ ತರುತ್ತಾನೆ. ಅವನಿಗೆ ಬೇಕಾಗಿರುವುದು ಆ ಹೊಲಕ್ಕೆ ಒಡೆಯನಿದ್ದಾನೆಂದು ಕಣ್ಣಿಗೆ ತೋರಿಸುವವರು.

ಆದುದರಿಂದ ಜಾಣ ಅಧ್ಯಾಪಕರು ಅಂಕ ಕಳೆಯುವುದಕ್ಕೆ ಮೊದಲು ಒಂದು ಕೆಲಸ ಹಚ್ಚುತ್ತಾರೆ: ಈ ಮಾತನ್ನು ಮೊದಲು ಹೇಳಿದವರು ಯಾರೆಂದು ಹುಡುಕಿಕೊಂಡು ಬಾ. ಹುಡುಗ ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಯಾವುದೋ ಪುಸ್ತಕಕ್ಕೆ, ಅದರ ಅಡಿಟಿಪ್ಪಣಿಯಿಂದ ಮತ್ತೂ ಹಿಂದಕ್ಕೆ ಹೋಗಬೇಕು. ಹೋದರೆ ಅವನು ತಲಪುವುದು 1885ಕ್ಕೆ. ಆ ವರ್ಷದ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯ 14ನೆಯ ಸಂಪುಟದಲ್ಲಿ ಕೆ. ಬಿ. ಪಾಠಕರು ತೇರದಾಳದ ಈ ಶಾಸನವನ್ನು ಓದಿ ಪ್ರಕಟಿಸಿದರು. ಸವೆದ ಅಕ್ಷರಗಳನ್ನು ದಿಟ್ಟಿಸಿ, ಹಳಗನ್ನಡವನ್ನು ಬಿಡಿಸಿ, ಯಾವ ಗೊಂಕ, ಯಾವ ಕಾರ್ತವೀರ್ಯ ಎಂದು ಲೆಕ್ಕ ಹಾಕಿದ ಒಬ್ಬ ಮನುಷ್ಯನ ದುಡಿಮೆ ಅದು. ಹುಡುಗನು ಮೊಬೈಲಿನಲ್ಲಿ ಕಂಡ ಹತ್ತು ಸಾಲುಗಳಿಗೆ ಬೇರು ಅಲ್ಲಿದೆ. ನಡುವೆ ಹಲವರು ಅದನ್ನು ಎತ್ತಿಕೊಂಡರು; ಎಲ್ಲಿಯೋ ಒಂದು ಕಡೆ ಪಾಠಕರ ಹೆಸರು ಉದುರಿಹೋಯಿತು.

ಇಂಥ ಹುಡುಕಾಟದಲ್ಲಿ ತೊಡಕುಗಳೂ ಉಂಟು, ಅವುಗಳಲ್ಲಿಯೇ ಪಾಠವೂ ಉಂಟು. ಪಾಠಕರು ಬರೆದ ಕಾಲದಲ್ಲಿ ತೇರದಾಳವು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಊರು ವಿಜಾಪುರ ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಊರು ಕದಲಲಿಲ್ಲ, ವಿಳಾಸ ಮಾತ್ರ ಬದಲಾಗುತ್ತ ಬಂತು. ಹಳೆಯ ಗ್ರಂಥಗಳಲ್ಲಿ ಬಾಗಲಕೋಟೆಯ ಕೆಳಗೆ ತೇರದಾಳವನ್ನು ಹುಡುಕಿದವನಿಗೆ ಅದು ಸಿಗಲಾರದು. ಯಾವ ಗ್ರಂಥ, ಯಾವ ವರ್ಷ ಎಂದು ಬರೆಯಬೇಕೆನ್ನುವುದು ಏತಕ್ಕೆ ಎಂಬುದು ಹುಡುಗನಿಗೆ ಇಲ್ಲಿ ತಾನಾಗಿ ಹೊಳೆಯುತ್ತದೆ. ಆ ಸಂಪುಟ ಈಗ ಅಂತರಜಾಲದ ಗ್ರಂಥಭಂಡಾರದಲ್ಲಿಯೇ ಇದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಕಳವಿಗೆ ದಾರಿ ಮಾಡಿದ ಆ ಮೊಬೈಲೇ ಮೂಲವನ್ನೂ ತೆರೆದು ತೋರಿಸುತ್ತದೆ.

ಇನ್ನು ಬರೆಯುವ ರೀತಿ. ಇದಕ್ಕೆ ದೊಡ್ಡ ಶಾಸ್ತ್ರ ಬೇಕಿಲ್ಲ. ಒಂದಷ್ಟು ಚೀಟಿಗಳು ಸಾಕು. ಓದಿದ ಒಂದೊಂದಕ್ಕೂ ಒಂದು ಚೀಟಿ. ನೆತ್ತಿಯ ಮೇಲೆ ಬರೆದವರ ಹೆಸರು, ಗ್ರಂಥದ ಹೆಸರು, ವರ್ಷ, ಪುಟ. ಅಂತರಜಾಲದ ಬರಹವಾದರೆ ಅದರ ವಿಳಾಸ ಮತ್ತು ತಾನು ನೋಡಿದ ದಿನಾಂಕ ಕೂಡ, ಏಕೆಂದರೆ ಆ ಪುಟ ನಾಳೆ ಬದಲಾಗಬಹುದು, ಇಲ್ಲವೇ ಮಾಯವಾಗಬಹುದು. ಬೇರೊಬ್ಬರ ಮಾತನ್ನು ಇದ್ದಂತೆಯೇ ತೆಗೆದುಕೊಂಡರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ತನ್ನ ಮಾತಿನಲ್ಲಿ ಹೇಳುವುದಾದರೆ ಪುಸ್ತಕವನ್ನು ಮುಚ್ಚಿ, ಮೊಬೈಲನ್ನು ಮಗುಚಿಟ್ಟು ಬರೆಯಬೇಕು. ತೆರೆದಿಟ್ಟುಕೊಂಡು ಬರೆದರೆ ‘ನಿರ್ಮಿಸಿದನು’ ಎಂಬುದು ‘ಕಟ್ಟಿಸಿದನು’ ಆದೀತೇ ಹೊರತು ವಾಕ್ಯ ಅವರದಾಗಿಯೇ ಉಳಿಯುತ್ತದೆ. ಪದ ತನ್ನದಾದರೂ ವಿಚಾರ ಪರರದಾಗಿದ್ದರೆ ಹೆಸರು ಹೇಳಲೇಬೇಕು. ಹುಡುಗರಿಗೆ ಅತ್ಯಂತ ಕಷ್ಟವಾಗಿ ತೋರುವುದು ಈ ಅಂಶವೇ. ಕೃಷ್ಣಾನದಿ ಅರಬ್ಬೀ ಸಮುದ್ರವನ್ನು ಸೇರುವುದಿಲ್ಲ ಎಂಬಂಥ ಸರ್ವವಿದಿತ ಸಂಗತಿಗೆ ಯಾರ ಸಾಕ್ಷಿಯೂ ಬೇಡ. ಪ್ರತಿ ಸಾಲಿಗೂ ಅಡಿಟಿಪ್ಪಣಿ ತಗುಲಿಸಿ ವಿದ್ವತ್ತನ್ನು ಮೆರೆಯುವವರೂ ಇದ್ದಾರೆ. ಅದು ಬೇರೆ ರೋಗ.

ಇನ್ನೊಂದು ಸುಳ್ಳನ್ನು ಇಲ್ಲಿಯೇ ತಡೆಯಬೇಕು. ಯಾವುದೋ ಪುಟದಲ್ಲಿ ಪಾಠಕರ ಹೆಸರನ್ನು ಕಂಡವನು 1885ರ ಸಂಪುಟವನ್ನು ತಾನೇ ಓದಿದಂತೆ ಬರೆದುಬಿಡುತ್ತಾನೆ. ಕಾಣದ ಗ್ರಂಥವನ್ನು ಕಂಡೆನೆನ್ನುವುದು ಕಳವಲ್ಲದಿರಬಹುದು, ಕಳ್ಳಸಾಕ್ಷಿಯಂತೂ ಹೌದು. ತಾನು ನೋಡಿದುದು ಯಾವುದೋ ಅದನ್ನು ಹೇಳಿ, ‘ಅವರು ಇಂಥವರನ್ನು ಉಲ್ಲೇಖಿಸಿದ್ದಾರೆ’ ಎಂದರೆ ಸಾಕು, ಮಾನ ಹೋಗುವುದಿಲ್ಲ. ಕೇಳಿದ ಪ್ರಶ್ನೆಗೆ ತಾವೇ ಪ್ರಬಂಧ ಹೆಣೆದುಕೊಡುವ ಯಂತ್ರಗಳು ಬಂದ ಮೇಲಂತೂ ಈ ಎಚ್ಚರ ಎರಡು ಪಟ್ಟು ಬೇಕು. ಆ ಯಂತ್ರಗಳು ಕೆಲವೊಮ್ಮೆ ಎಂದೂ ಅಚ್ಚಾಗದ ಗ್ರಂಥಗಳಿಗೆ ಹೆಸರು, ವರ್ಷ, ಪುಟಸಂಖ್ಯೆ ಸಹಿತ ಉಲ್ಲೇಖ ಕೊಟ್ಟುಬಿಡುತ್ತವೆ. ಹುಡುಗ ಅದನ್ನು ನಂಬಿ ಬರೆದರೆ, ಹುಟ್ಟದವನನ್ನು ಸಾಕ್ಷಿಗೆ ಕರೆದಂತಾಯಿತು.

ಸರ್ಕಾರದ ಕಡೆಯಿಂದ ಕಟ್ಟಳೆಗಳಿಲ್ಲವೆಂದಲ್ಲ. 2018ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕೃತಿಚೌರ್ಯದ ಬಗ್ಗೆ ನಿಯಮಗಳನ್ನು ಹೊರಡಿಸಿತು. ಸಂಶೋಧನ ಪ್ರಬಂಧದಲ್ಲಿ ಇತರರ ಬರಹದೊಡನೆ ಹೋಲಿಕೆ ಶೇಕಡ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಡೆ. 60 ಮೀರಿದರೆ ನೋಂದಣಿಯೇ ರದ್ದು. ಹೆಸರು ಹೇಳಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಬರುವುದಿಲ್ಲ. ಅರವತ್ತು ಸಾವಿರ ವರ್ಷದ ಮುಂದೆ ಒಂದು ವರ್ಷವೆಂದರೆ ಕರುಣೆಯೇ ಸರಿ. ಆದರೆ ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ, ಅದನ್ನು ಗಮನಿಸುವವರು ಕಡಿಮೆ: ತರಗತಿಯ ನಿಯೋಜಿತ ಬರಹ, ಯೋಜನಾ ವರದಿ, ಪ್ರಬಂಧ, ಉತ್ತರಪತ್ರಿಕೆ, ಇವು ಅವುಗಳ ವ್ಯಾಪ್ತಿಯಿಂದ ಹೊರಗೆ. ಎಂದರೆ ಬಿ. ಎ. ಓದುವ ಹುಡುಗನ ಎರಡು ಪುಟಕ್ಕೆ ಆಯೋಗವೂ ಇಲ್ಲ, ಹೋಲಿಕೆ ಹಿಡಿಯುವ ತಂತ್ರಾಂಶವೂ ಇಲ್ಲ, ಇರುವವರು ಅಧ್ಯಾಪಕರೊಬ್ಬರೇ. ಅಭ್ಯಾಸವು ಬೇರೂರುವುದು ಆ ವಯಸ್ಸಿನಲ್ಲಿ, ದಂಡ ಬೀಳುವುದು ಅದಾದ ಎಷ್ಟೋ ವರ್ಷಗಳ ಮೇಲೆ.

ತಂತ್ರಾಂಶವಾದರೂ ಕನ್ನಡದ ಮಟ್ಟಿಗೆ ಕಣ್ಣು ಮಂಜಾದ ಕಾವಲುಗಾರ. ಹಳೆಯ ಪುಸ್ತಕ ಬರಿಯ ಚಿತ್ರವಾಗಿ ಜಾಲಕ್ಕೇರಿದ್ದರೆ ಅದರಿಂದ ಎತ್ತಿದುದನ್ನು ಹಿಡಿಯುವುದು ಅದಕ್ಕೆ ಸುಲಭವಲ್ಲ. ಇಂಗ್ಲಿಷಿನಿಂದಲೋ ಮರಾಠಿಯಿಂದಲೋ ಸದ್ದಿಲ್ಲದೆ ಕನ್ನಡಕ್ಕೆ ಇಳಿಸಿದುದನ್ನು ಹಿಡಿಯುವುದು ಇನ್ನೂ ಕಷ್ಟ. ಗಡಿಸೀಮೆಯ ಕಾಲೇಜುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ.

ಇಷ್ಟು ಹೇಳಿದರೆ ಒಂದು ಆಕ್ಷೇಪಣೆ ಬಂದೇ ಬರುತ್ತದೆ: ಇದೆಲ್ಲ ಪಶ್ಚಿಮದವರ ಶಿಸ್ತು, ನಮ್ಮ ಹಿಂದಿನವರು ಎಲ್ಲಿ ಅಡಿಟಿಪ್ಪಣಿ ಬರೆದರು? ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ‘ಕವಿರಾಜಮಾರ್ಗ’ದ ಎಷ್ಟೋ ಪದ್ಯಗಳು ದಂಡಿಯ ‘ಕಾವ್ಯಾದರ್ಶ’ದ ಕನ್ನಡ ರೂಪಗಳು. ಅಂದಿನ ಶಾಸ್ತ್ರಕಾರನಿಗೆ ಅದು ದೋಷವಾಗಿ ತೋರಲಿಲ್ಲ, ಇಂದಿನ ಅಳತೆಗೋಲನ್ನು ಅವನಿಗೆ ಹಿಡಿಯುವುದು ನ್ಯಾಯವೂ ಅಲ್ಲ. ಆದರೆ ಅದೇ ಗ್ರಂಥವು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ತನಗೆ ಹಿಂದಿನ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯ ಒಂದೂ ಇಂದು ಉಳಿದಿಲ್ಲ; ಉಳಿದುದು ಆ ಹೆಸರುಗಳು. ಕವಿರಾಜಮಾರ್ಗವನ್ನು 1898ರಲ್ಲಿ ಸಂಪಾದಿಸಿ ಅಚ್ಚಿಗೆ ತಂದವರೂ ಅದೇ ಪಾಠಕರೇ ಎಂಬುದನ್ನು ತೇರದಾಳದ ಹುಡುಗರಿಗೆ ತಿಳಿಸಿದರೆ ತಪ್ಪಾಗದು.

ಇನ್ನು ವಚನಕಾರರು. ತೇರದಾಳದಲ್ಲಿ ಅಲ್ಲಮಪ್ರಭುವಿನ ದೇವಾಲಯ ಪ್ರಸಿದ್ಧವಾದುದು. ಓದು ಬಾರದ ಭಕ್ತರೂ ವಚನದ ಕೊನೆಯಲ್ಲಿ ‘ಗುಹೇಶ್ವರ’ ಎಂಬುದನ್ನು ಕೇಳಿದೊಡನೆ ಇದು ಪ್ರಭುದೇವರದೆಂದು ಬಲ್ಲರು. ಅಂಕಿತವೆಂಬುದು ಇಷ್ಟದೈವಕ್ಕೆ ಅರ್ಪಣೆ; ಜೊತೆಗೆ ಆಡಿದವರ ಗುರುತು. ಹೆಸರು ತಿಳಿಯದ ಎಷ್ಟೋ ವಚನಕಾರರನ್ನು ವಿದ್ವಾಂಸರು ಇಂದು ಗುರುತಿಸುವುದು ಬರಿಯ ಅಂಕಿತದಿಂದ. ಆ ಗುರುತನ್ನು ಮುಟ್ಟಿದರೆ ಏನಾಗುತ್ತದೆಂಬುದನ್ನು ನಾಡು ಕಂಡಿದೆ. ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ ಎಂಬ ಅಂಕಿತಕ್ಕೆ ಬದಲಾಗಿ ‘ಲಿಂಗದೇವ’ ಎಂದು ಮುದ್ರಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 2017ರಲ್ಲಿ ಸರ್ಕಾರದ ಆಜ್ಞೆ ಸ್ಥಿರವಾಯಿತು. ಇದಕ್ಕೆ ವಿರುದ್ಧ ದಿಕ್ಕಿನ ಕಥೆ ಸರ್ವಜ್ಞನದು. ತಮ್ಮ ಮಾತಿಗೆ ಬೆಲೆ ಬರಲೆಂದು ‘ಸರ್ವಜ್ಞ’ ಎಂದು ಕೊನೆಗೆ ಅಂಟಿಸಿದವರು ಅದೆಷ್ಟು ಜನರೋ. 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಚನ್ನಪ್ಪ ಉತ್ತಂಗಿಯವರ ಕಾಲದಿಂದ ಇಂದಿನವರೆಗೂ ಯಾವುದು ಅವನದು, ಯಾವುದು ಪರರದು ಎಂಬ ಚರ್ಚೆ ಮುಗಿದಿಲ್ಲ. ಮೊಬೈಲಿನಲ್ಲಿ ಬೆಳಗಾದರೆ ಹರಿದಾಡುವ ನುಡಿಮುತ್ತುಗಳದೂ ಇದೇ ಪಾಡು. ಬೇಂದ್ರೆಯವರು ಆಡದ ಮಾತಿಗೆ ಬೇಂದ್ರೆಯವರ ಭಾವಚಿತ್ರ ತಗುಲಿರುತ್ತದೆ.

ತರಗತಿಯಲ್ಲಿ ಹೇಳಲು ಇನ್ನೂ ಚೆನ್ನಾದ ಉದಾಹರಣೆ ಒಂದೇ ಮನೆಯಲ್ಲಿದೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಕಾಲದ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ ಎಂಬ ಸಂಕಲನವನ್ನು ಮಾಡಿದನು. ಸಮುದ್ರ, ಪರ್ವತ, ಚಂದ್ರೋದಯ ಮುಂತಾದ ವರ್ಣನೆಗಳಿಗೆ ಹಿಂದಿನ ಕವಿಗಳ ಒಳ್ಳೊಳ್ಳೆಯ ಪದ್ಯಗಳನ್ನು ಆಯ್ದು ಜೋಡಿಸಿದ ಗ್ರಂಥ. ಅವನ ರಸಿಕತೆ ದೊಡ್ಡದು. ಅವನು ಆಯ್ದಿರದಿದ್ದರೆ ಎಷ್ಟೋ ಪದ್ಯಗಳು ಅಳಿದೇ ಹೋಗುತ್ತಿದ್ದವು. ಆದರೆ ಪದ್ಯಗಳ ಪಕ್ಕದಲ್ಲಿ ಕವಿಗಳ ಹೆಸರನ್ನು ಬರೆಯಲಿಲ್ಲ. ಮುಂದಿನ ವಿದ್ವಾಂಸರು ಒಂದೊಂದು ಪದ್ಯವನ್ನೂ ಹಿಡಿದು ಇದು ಪಂಪನದೋ, ರನ್ನನದೋ ಎಂದು ಕಾವ್ಯಗಳನ್ನು ಜಾಲಾಡಬೇಕಾಯಿತು. ಮೂಲಕಾವ್ಯ ನಷ್ಟವಾದ ಕಡೆ ಪದ್ಯ ಅನಾಥವಾಗಿ ನಿಂತಿದೆ.

ಆ ಮಲ್ಲಿಕಾರ್ಜುನನ ಮಗ ಕೇಶಿರಾಜ. ಕನ್ನಡದ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು ಬರೆದವನು. ಅವನು ಆರಂಭದಲ್ಲಿಯೇ ತನ್ನ ಲಕ್ಷ್ಯಗಳಿಗೆ ಯಾರ ಯಾರ ಮಾರ್ಗ ಆಧಾರವೆಂದು ಹೇಳಿಬಿಡುತ್ತಾನೆ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ. ಅಡಿಟಿಪ್ಪಣಿಯಲ್ಲ, ಪುಟಸಂಖ್ಯೆಯೂ ಇಲ್ಲ. ಒಂದು ಪದ್ಯದಲ್ಲಿ ಪೋಣಿಸಿದ ಹೆಸರುಗಳು ಅಷ್ಟೆ. ಪಂಪ, ಪೊನ್ನರ ಕಾವ್ಯಗಳು ಇಂದು ಕಪಾಟಿನಲ್ಲಿವೆ. ಗಜಗನ ಕಾವ್ಯವನ್ನು, ಮನಸಿಜನ ಕಾವ್ಯವನ್ನು ಈಗ ಓದಿದವರಿಲ್ಲ.