ಅಪಾಯವನ್ನು ಯಾರ ಭಾಷೆಯಲ್ಲಿ ಹೇಳುತ್ತೀರಿ?

ಪಾಂಡವಪುರ ತಾಲೂಕಿನ ಬೇಬಿ ಬೆಟ್ಟದಲ್ಲಿ ಬಂಡೆ ಸಿಡಿಸಿದಾಗ ಮನೆ ನಡುಗುತ್ತದೆ, ಗೋಡೆ ಬಿರುಕು ಬಿಡುತ್ತದೆ ಎಂದು ಸುತ್ತಲಿನ ಹಳ್ಳಿಯವರು ಹೇಳುತ್ತಲೇ ಬಂದರು. ಅದು ಬರೀ ದೂರು ಎನಿಸಿಕೊಂಡಿತು. 2018ರ ಸೆಪ್ಟೆಂಬರ್‌ನಲ್ಲಿ ಭಾರೀ ಸದ್ದು ಕೇಳಿಸಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರ ಕಂಪನವನ್ನು ದಾಖಲಿಸಿದ ಮೇಲೆ ಅದೇ ಮಾತಿಗೆ ವರದಿಯ ಗೌರವ ಬಂತು. ರೈತನ ಕಿವಿಗಿಂತ ಯಂತ್ರದ ಕಿವಿ ದೊಡ್ಡದೇ?

2021ರಲ್ಲಿ ಕನ್ನಂಬಾಡಿ ಕಟ್ಟೆ ಬಿರುಕು ಬಿಟ್ಟಿದೆ ಎಂದು ಒಬ್ಬರು, ಇಲ್ಲವೆಂದು ಮತ್ತೊಬ್ಬರು ಟಿ.ವಿ.ಯಲ್ಲಿ ಕೂಗಾಡಿದರು. ಕಟ್ಟೆಯ ಕೆಳಗೆ ಬದುಕುವವರಿಗೆ ಸಿಕ್ಕಿದ್ದು ಭಯ ಮಾತ್ರ. 2022ರಲ್ಲಿ ಪರೀಕ್ಷಾರ್ಥ ಸ್ಫೋಟಕ್ಕೆ ತಜ್ಞರು ಬಂದಾಗ ರೈತರು ಅಡ್ಡ ನಿಂತರು. ವಿಜ್ಞಾನ ತಿಳಿಯದವರು ಎಂದು ಮೂಗು ಮುರಿಯುವುದು ಸುಲಭ. ಆದರೆ ಪರೀಕ್ಷೆಯೇ ಹಾನಿ ಮಾಡಿದರೆ ಹೊಣೆ ಯಾರದು ಎಂಬುದು ಅಜ್ಞಾನದ ಪ್ರಶ್ನೆಯಲ್ಲ. 2024ರ ಜನವರಿಯಲ್ಲಿ ಹೈಕೋರ್ಟೇ, ಅಣೆಕಟ್ಟಿನ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ಬೇಡವೆಂದಿತು.

ಅಪಾಯವನ್ನು ಜನರಿಗೆ ತಿಳಿಸುವುದು ಹೇಗೆಂಬುದು ಇಂದು ಒಂದು ಸಂಶೋಧನಾ ಕ್ಷೇತ್ರ. ಜನರಿಗೆ ಗೊತ್ತಿಲ್ಲ, ಅಂಕಿಅಂಶ ಕೊಟ್ಟರೆ ಸಾಕು ಎಂಬಲ್ಲಿಂದ ಅದು ಹೊರಟಿತು. 1986ರ ಚೆರ್ನೋಬಿಲ್ ದುರಂತದ ವಿಕಿರಣ ಇಂಗ್ಲೆಂಡಿನ ಕಂಬ್ರಿಯಾದ ಹುಲ್ಲುಗಾವಲಿಗೆ ಬಿದ್ದಾಗ, ಕುರಿ ಮಾರಾಟದ ನಿರ್ಬಂಧ ಕೆಲವೇ ವಾರ ಎಂದರು ವಿಜ್ಞಾನಿಗಳು. ಕೆಲವೆಡೆ ಅದು 2012ರವರೆಗೆ ಉಳಿಯಿತು. ತಮ್ಮ ಮಣ್ಣು, ತಮ್ಮ ಕುರಿ ಬಲ್ಲ ಸಾಕಣೆದಾರರನ್ನು ಯಾರೂ ಕೇಳಿರಲಿಲ್ಲ. ಬ್ರಯಾನ್ ವಿನ್ ಇದನ್ನು ಅಧ್ಯಯನ ಮಾಡಿ ಬರೆದ ಬಳಿಕ, ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದು ಮುಖ್ಯ ಎಂಬ ವಿಚಾರ ಆ ಕ್ಷೇತ್ರದಲ್ಲಿ ಬಲಗೊಂಡಿತು. ನಮ್ಮ ಕಚೇರಿಗಳಿಗೆ ಆ ಗಾಳಿ ಇನ್ನೂ ಸೋಕಿಲ್ಲ.

ಕಾವೇರಿ ತುಂಬಿದಾಗ ಶ್ರೀರಂಗಪಟ್ಟಣದವರು ಕೇಳುವುದು 'ಇಷ್ಟು ಕ್ಯೂಸೆಕ್ ಬಿಡಲಾಗಿದೆ' ಎಂದು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಸರಿ, ಆ ನೀರು ಯಾವ ಮೆಟ್ಟಿಲಿನವರೆಗೆ, ಎಷ್ಟು ಗಂಟೆಗೆ ಬರುತ್ತದೆ? ದನ ಎಲ್ಲಿಗೆ ಹೊಡೆಯಬೇಕು? ಅದನ್ನು ಹೇಳಿ.

ಕಟ್ಟೆಯ ಬಳಿ ಟಿಪ್ಪುವಿನ ಕಾಲದ ಪರ್ಸಿಯನ್ ಶಾಸನವೊಂದಿದೆ. ಅಂದಿನ ರೈತನಿಗೆ ಪರ್ಸಿಯನ್ ಬರುತ್ತಿರಲಿಲ್ಲ, ಇಂದಿನವನಿಗೆ ತಜ್ಞರ ಇಂಗ್ಲಿಷ್ ಬರುವುದಿಲ್ಲ. ಇದನ್ನು ನಾವು ಹೇಳದೆ ಬಿಡಲಾಗದು.

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಕೆಲವು ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕೆಡುತ್ತದೆ, ಹೆಚ್ಚಾದರೆ ಮೂಳೆಗೂ ತಾಗುತ್ತದೆ. ಕುದಿಸಿದರೆ ಅದು ಹೋಗದು. ಈ ಮಾತನ್ನು ಕಡತದಲ್ಲಿಡದೆ, ಆಯಾ ಬೋರ್‌ವೆಲ್ಲಿನ ಮೇಲೆಯೇ ಕನ್ನಡದಲ್ಲಿ ಬರೆಯಿಸಲು ಒಂದು ಡಬ್ಬಿ ಬಣ್ಣ ಸಾಕು.