ನರದ ನಡಿಗೆ

ಕನ್ನಡದಲ್ಲಿ ‘ನರ’ ಎಂಬ ಎರಡಕ್ಷರದ ಮಾತಿಗೆ ಎರಡು ಬಾಳುಗಳುಂಟು. ಸಂಸ್ಕೃತದಿಂದ ಬಂದ ನರನು ಮನುಷ್ಯ. ನಾರಾಯಣನ ಜೊತೆಗಾರ, ಭಾರತ ಕಥೆಯ ಅರ್ಜುನ. ಇನ್ನೊಂದು ನರ ಅಚ್ಚ ದ್ರಾವಿಡ ಮನೆತನದ್ದು. ತಮಿಳಿನ ನರಂಬು, ತೆಲುಗಿನ ನರಮು ಅದರ ಒಡಹುಟ್ಟುಗಳು. ಈ ಎರಡನೆಯದನ್ನು ನಾವು ನಿತ್ಯವೂ ಬಳಸುತ್ತೇವೆ; ಬಳಸಿ ಬಳಸಿ ಅದರ ಅರ್ಥವನ್ನು ಸಡಿಲಿಸಿದ್ದೇವೆ. ಸೂಜಿ ಚುಚ್ಚಲು ಬಂದ ನರ್ಸಮ್ಮ ‘ನರವೇ ಸಿಕ್ಕುತ್ತಿಲ್ಲ’ ಎಂದಾಗ ಆಕೆ ಹುಡುಕುತ್ತಿರುವುದು ರಕ್ತನಾಳವನ್ನು. ವಯಸ್ಸಾದವರ ಕಾಲಿನಲ್ಲಿ ‘ನರ ಉಬ್ಬಿದೆ’ ಎಂದರೆ ಅದೂ ರಕ್ತನಾಳವೇ. ಮಲಗಿದ್ದು ಸರಿಯಾಗದೆ ‘ಕುತ್ತಿಗೆಯ ನರ ಹಿಡಿದುಕೊಂಡಿದೆ’ ಎಂದರೆ ಬಹುಮಟ್ಟಿಗೆ ಅದು ಮಾಂಸಖಂಡದ ಸೆಳೆತ. ನಿಜವಾದ ನರವು ಇವರಾರ ಕಣ್ಣಿಗೂ ಬೀಳದೆ, ಯಾರ ಬಾಯಿಗೂ ಸಿಕ್ಕದೆ, ಒಳಗೊಳಗೇ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಅದು ಇದೆಯೆಂದು ನಮಗೆ ಅರಿವಾಗುವುದು ಅದು ಕೆಲಸ ನಿಲ್ಲಿಸಿದ ದಿನವೇ.

ಈ ವಾರ ಆ ನಿಜವಾದ ನರದ ಮಾತು. ಅದಕ್ಕೆ ಬಲವಾದ ಪೆಟ್ಟು ಬಿದ್ದ ಮೇಲೆ ಮನುಷ್ಯನು ಸುಮ್ಮನೆ ಮಲಗಿರಬೇಕೋ, ಕೈಕಾಲು ಆಡಿಸುತ್ತಿರಬೇಕೋ ಎಂಬುದು ಪ್ರಶ್ನೆ. ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಪ್ರೀತಿಯೇ ಉತ್ತರ ಹೇಳಿಬಿಡುತ್ತದೆ: ‘ಪಾಪ, ಆಯಾಸ ಮಾಡಿಕೊಳ್ಳಬೇಡ.’ ಪ್ರೀತಿಯ ಉತ್ತರ ಎಲ್ಲ ವೇಳೆಯಲ್ಲಿಯೂ ಸರಿಯಾದ ಉತ್ತರವಾಗಿರುವುದಿಲ್ಲ.

ಮೊದಲು ನರದ ಸ್ವಭಾವವನ್ನು ನೋಡೋಣ. ಒಂದು ನರವೆಂದರೆ ಒಂದು ಎಳೆಯಲ್ಲ. ಸಾವಿರಾರು ಎಳೆಗಳನ್ನು ಕಟ್ಟಿ ಕವುಸು ತೊಡಿಸಿದ ಹುರಿ. ಬೆರಳನ್ನು ಆಡಿಸುವ ಎಳೆಯ ಮೂಲಕಣವಿರುವುದು ಕುತ್ತಿಗೆಯೊಳಗಿನ ಬೆನ್ನುಹುರಿಯಲ್ಲಿ. ಅಲ್ಲಿಂದ ಹೊರಟ ಎಳೆ ತುಂಡಾಗದೆ ಕೈಯವರೆಗೂ ಇಳಿದಿರುತ್ತದೆ. 1943ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ ಎಂಬುವರು ನರದ ಪೆಟ್ಟುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಹಾದಿ ಇದೆ, ಸಂಚಾರ ಮಾತ್ರ ನಿಂತಿದೆ. ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆಗಳು ಹರಿದಿವೆ, ಹೊರಗಿನ ಕವುಸು ಉಳಿದಿದೆ. ಮೂರನೆಯದರಲ್ಲಿ ಎಲ್ಲವೂ ಕಡಿದುಹೋಗಿದೆ. ಅಲ್ಲಿ ಶಸ್ತ್ರವೈದ್ಯನು ಜೋಡಿಸಿಕೊಡದೆ ನರಕ್ಕೆ ದಾರಿ ಸಿಕ್ಕುವುದು ಕಷ್ಟ.

ಎಳೆ ಹರಿದರೆ ಏನಾಗುತ್ತದೆ ಎಂಬುದನ್ನು 1850ರಲ್ಲಿಯೇ ಆಗಸ್ಟಸ್ ವಾಲರ್ ಎಂಬ ವಿದ್ವಾಂಸನು ಕಪ್ಪೆಯ ನಾಲಗೆಯ ನರವನ್ನು ಕತ್ತರಿಸಿ ಕಂಡುಕೊಂಡನು. ಮೂಲದಿಂದ ಬೇರೆಯಾದ ಭಾಗವೆಲ್ಲ ಕೆಲವೇ ದಿನಗಳಲ್ಲಿ ಶಿಥಿಲವಾಗಿ ಕರಗಿಹೋಗುತ್ತದೆ. ಆದರೆ ಎಳೆ ಹಾಯ್ದಿದ್ದ ಕೊಳವೆ ಮಾತ್ರ ಬರಿದಾಗಿ ನಿಂತಿರುತ್ತದೆ. ಮೂಲದ ಕಡೆಯ ತುದಿಯಿಂದ ಹೊಸ ಕುಡಿ ಚಿಗುರಿ, ಆ ಹಳೆಯ ಕೊಳವೆಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಯತೊಡಗುತ್ತದೆ. ಎಷ್ಟು ಮೆಲ್ಲಗೆ? ದಿನಕ್ಕೆ ಸುಮಾರು 1 ಮಿಲಿಮೀಟರ್. ಒಂದು ಸಣ್ಣ ರಾಗಿಕಾಳಿನ ಅಗಲ. ತಿಂಗಳಿಗೆ ಹೆಚ್ಚು ಕಡಿಮೆ ಒಂದು ಅಂಗುಲ. ತೋಳಿನ ನಡುವಿನಿಂದ ಹೆಬ್ಬೆರಳನ್ನು ಎತ್ತುವ ಸ್ನಾಯುವಿನವರೆಗೆ ನಡೆಯಲು ಅದಕ್ಕೆ ತಿಂಗಳುಗಟ್ಟಲೆ ಬೇಕು. ಈ ನಡಿಗೆಯನ್ನು ಅವಸರಪಡಿಸುವ ಔಷಧ ಅಂಗಡಿಯಲ್ಲಿ ಸಿಕ್ಕುವುದಿಲ್ಲ.

ಈ ಲೆಕ್ಕ ನನಗೆ ಪುಸ್ತಕದಿಂದ ಮಾತ್ರ ತಿಳಿದುದಲ್ಲ. ಮಳೆಗಾಲದ ಒಂದು ಸಂಜೆ ಸ್ಕೂಟರು ಜಾರಿ ನನ್ನ ಬಲತೋಳಿನ ಮೂಳೆ ನಡುವೆ ಮುರಿಯಿತು. ಆ ಮೂಳೆಯನ್ನು ಬಳ್ಳಿಯಂತೆ ಸುತ್ತಿಕೊಂಡು ರೇಡಿಯಲ್ ಎಂಬ ನರವೊಂದು ಸಾಗುತ್ತದೆ. ಮೂಳೆ ಮುರಿದಾಗ ಅದಕ್ಕೂ ಪೆಟ್ಟು ತಗಲುವುದು ಅಪರೂಪವಲ್ಲ. ಮೂಳೆ ತನ್ನ ಪಾಡಿಗೆ ಕೂಡಿಕೊಂಡಿತು. ಆದರೆ ಮಣಿಕಟ್ಟು ಬಾಡಿದ ಬಾಳೆಯೆಲೆಯಂತೆ ಜೋತುಬಿದ್ದಿತು. ಬೆರಳು ಮಡಿಸಬಲ್ಲೆ, ಬಿಡಿಸಲಾರೆ. ಬೋಧನೆಯಿಂದ ಹೊಟ್ಟೆ ಹೊರೆಯುವವನ ಕೈಗೆ ಸೀಮೆಸುಣ್ಣ ನಿಲ್ಲದಾಯಿತು. ಓದುಗರು ಬೇಕಾದರೆ ಈಗಲೇ ಪರೀಕ್ಷಿಸಿ ನೋಡಬಹುದು: ಮಣಿಕಟ್ಟನ್ನು ಪೂರ್ತಿಯಾಗಿ ಕೆಳಕ್ಕೆ ಬಗ್ಗಿಸಿ ಮುಷ್ಟಿ ಬಿಗಿಯಿರಿ, ಬಿಗಿ ಬರುವುದಿಲ್ಲ. ಮಣಿಕಟ್ಟು ಎದ್ದು ನಿಂತರೆ ಮಾತ್ರ ಬೆರಳಿಗೆ ಬಲ. ಎತ್ತುವ ನರ ಹೋದರೆ ಹಿಡಿಯುವ ಶಕ್ತಿಯೂ ಹೋದಂತೆಯೇ.

ಮನೆಯಲ್ಲಿ ಆಗಲೇ ಹೇಳಿದ ಪ್ರೀತಿ ಕೆಲಸಕ್ಕೆ ತೊಡಗಿತು. “ಕೈ ಅಲ್ಲಾಡಿಸಬೇಡ ಮಗು, ನರಕ್ಕೆ ಆಯಾಸವಾಗುತ್ತೆ” ಎಂದು ಅಮ್ಮ. “ನೀವು ಸುಮ್ಮನೆ ಕೂತ್ಕೊಳ್ರೀ, ನಾನೇ ಕಲಸಿ ಕೊಡ್ತೀನಿ” ಎಂದು ನನ್ನಾಕೆ. ನಾಲ್ಕು ದಿನ ಇದು ಹಿತವಾಗಿಯೇ ಇದ್ದಿತು. ಫಿಸಿಯೋಥೆರಪಿಯ ತರುಣಿ ಇದನ್ನು ಕೇಳಿ ನಕ್ಕು ಹೇಳಿದ ಮಾತು ಇದು: “ಸಾರ್, ನರ ಬರೋದು ನಿಮ್ಮ ಕೈಲಿಲ್ಲ. ಅದು ಬರೋ ಹೊತ್ತಿಗೆ ಕೈ ಸಿದ್ಧವಾಗಿರೋದು ಮಾತ್ರ ನಿಮ್ಮ ಕೈಲೇ ಇದೆ.”

ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ನರವು ದೂರದ ಊರಿನಿಂದ ನಡೆದು ಬರುತ್ತಿರುವ ಮನೆಯ ಯಜಮಾನ. ಅವನು ಬಂದು ಸೇರುವ ಹೊತ್ತಿಗೆ ಮನೆ ಪಾಳು ಬಿದ್ದಿದ್ದರೆ ಬಂದೂ ಫಲವಿಲ್ಲ. ಬಾಗಿಲ ಕೀಲಿಗೂ ಮೈಯ ಕೀಲಿಗೂ ಕನ್ನಡವು ಒಂದೇ ಹೆಸರಿಟ್ಟಿದೆ. ಆಡಿಸದಿದ್ದರೆ ಎರಡೂ ಬಿಗಿದುಕೊಳ್ಳುತ್ತವೆ. ಒಮ್ಮೆ ಮರಗಟ್ಟಿದ ಕೀಲನ್ನು ಹಿಂದಿರುಗಿ ಬಂದ ನರವೂ ಅಲುಗಿಸಲಾರದು. ಆದುದರಿಂದ ತಾನಾಗಿ ಆಡದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದು ದಿನಕ್ಕೆ ಹಲವು ಸಲ ಪೂರ್ತಿ ಬಿಡಿಸಿ, ಪೂರ್ತಿ ಮಡಿಸಬೇಕು. ಇದು ಮೊದಲ ಕರ್ತವ್ಯ. ನಮ್ಮ ಮನೆಯಲ್ಲಿ ಸಂಜೆಯ ಸರದಿ ಅಮ್ಮನದಾಯಿತು. ದೀಪ ಹಚ್ಚಿದ ಮೇಲೆ ಆಕೆ ನನ್ನ ಪಕ್ಕದಲ್ಲಿ ಕುಳಿತು, ಬಾಯಲ್ಲಿ ಸ್ತೋತ್ರ ಹೇಳಿಕೊಳ್ಳುತ್ತ, ಒಂದೊಂದು ಬೆರಳನ್ನೂ ಬಿಡಿಸುವಳು. ಬೇಡವೆಂದಿದ್ದ ಪ್ರೀತಿಗೇ ಒಂದು ಕೆಲಸ ದೊರೆತಂತಾಯಿತು.

ಎರಡನೆಯದು ಆಸರೆ. ಜೋತುಬಿದ್ದ ಮಣಿಕಟ್ಟನ್ನು ಎತ್ತಿ ನಿಲ್ಲಿಸುವ ಸ್ಪ್ಲಿಂಟ್ ಎಂಬ ಪಟ್ಟಿಯನ್ನು ತೊಟ್ಟರೆ, ಸೋತ ಸ್ನಾಯು ಎಳೆದೆಳೆದು ಹಿಗ್ಗುವುದು ತಪ್ಪುತ್ತದೆ. ಅಷ್ಟೇ ಅಲ್ಲ, ಬೆರಳುಗಳಿಗೆ ಹಿಡಿತವೂ ಬರುತ್ತದೆ. ಅದನ್ನು ತೊಟ್ಟು ನಾನು ಲೋಟ ಹಿಡಿದೆ, ಅಂಗಿಯ ಗುಂಡಿ ಹಾಕಿಕೊಂಡೆ, ದಿನಪತ್ರಿಕೆಯ ಪುಟ ತಿರುವಿದೆ. ತರಗತಿಯಲ್ಲಿ ಎಡಗೈ ಬರೆಯುತ್ತಿತ್ತು. ಅದು ಬರೆದ ಒತ್ತಕ್ಷರಗಳು ಹಲಗೆಯ ಮೇಲೆ ಒಂದರ ಹೆಗಲಿಗೊಂದು ಒರಗಿ ನಿಲ್ಲುತ್ತಿದ್ದವು. ಹುಡುಗರು ನಗಲಿಲ್ಲ, ಅದು ಅವರ ದೊಡ್ಡತನ. ಆದರೆ ಎಡಗೈ ಎಷ್ಟು ಜಾಣವಾದರೂ ಬಲಗೈಯ ಪಾಲಿನ ಕೆಲಸವನ್ನೆಲ್ಲ ಅದಕ್ಕೆ ಒಪ್ಪಿಸಿಬಿಡಬಾರದು. ಕುಂಟುತ್ತಾ ಆದರೂ ಸರಿ, ಬಲಗೈಗೂ ದಿನದಿನ ಒಂದಿಷ್ಟು ಕೆಲಸವಿರಲೇಬೇಕು.

ಮೂರನೆಯದು ಕಾವಲು. ಸ್ಪರ್ಶವಿಲ್ಲದ ಚರ್ಮಕ್ಕೆ ಬಿಸಿ ತಿಳಿಯದು, ಗಾಯ ತಿಳಿಯದು. ಕಾಫಿಯ ಪಾತ್ರೆ, ಸ್ನಾನದ ನೀರು, ಇಸ್ತ್ರಿಪೆಟ್ಟಿಗೆ—ಇವುಗಳ ಹತ್ತಿರ ಕೈ ಹೇಳಬೇಕಾದುದನ್ನು ಕಣ್ಣು ಹೇಳಬೇಕು. ನಾಲ್ಕನೆಯದು ಉಳಿದ ಮೈಯ ಆರೋಗ್ಯ. ಕೈಗೆ ಪೆಟ್ಟಾದರೆ ಕಾಲು ಮಂಚ ಹತ್ತಬೇಕಾಗಿಲ್ಲ. ವೈದ್ಯರು ಒಪ್ಪಿದ ಮೇಲೆ ಬೆಳಗ್ಗೆ ಸಂಜೆ ನಡೆಯುವುದರಿಂದ ನಿದ್ರೆ ಬರುತ್ತದೆ, ಮನಸ್ಸು ಕುಗ್ಗುವುದಿಲ್ಲ. ಮಿತವಾದ ಓಟ ನಡಿಗೆಗಳಿಂದ ಕಡಿದ ನರದ ಬೆಳವಣಿಗೆಗೆ ಸಹಾಯವಾಗುವುದನ್ನು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ. ಮಿತವೆಂಬ ಮಾತನ್ನು ಮರೆಯಬಾರದು. ಹೊಸದಾಗಿ ಎಚ್ಚೆತ್ತ ಸ್ನಾಯು ಎಳೆಯ ಮಗುವಿನಂತೆ. ನಾಲ್ಕು ಹೆಜ್ಜೆಗೇ ದಣಿಯುತ್ತದೆ. ಗಂಟೆಗಟ್ಟಲೆ ಒಂದೇ ಸಮನೆ ದುಡಿಸುವುದಕ್ಕಿಂತ ಐದೈದು ನಿಮಿಷ ಹತ್ತು ಸಲ ಆಡಿಸುವುದು ಮೇಲು.

ನರ ನಡೆಯುತ್ತಿದೆಯೋ ನಿಂತಿದೆಯೋ ಎಂದು ತಿಳಿಯುವುದು ಹೇಗೆ? ಇದಕ್ಕೊಂದು ಸರಳವಾದ ಗುರುತುಂಟು. ನರದ ಹಾದಿಯಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ, ಹೊಸ ಕುಡಿ ಬಂದು ಮುಟ್ಟಿರುವ ಜಾಗದಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತದೆ. ತಿಂಗಳು ತಿಂಗಳಿಗೆ ಆ ಜಾಗ ಕೆಳಗಿಳಿಯುತ್ತ ಬಂದರೆ ಶುಭ. ಮೊದಲನೆಯ ಮಹಾಯುದ್ಧದ ನಡುವೆ, 1915ರಲ್ಲಿ, ಫ್ರಾನ್ಸಿನ ಟಿನೆಲ್, ಜರ್ಮನಿಯ ಹಾಫ್‌ಮನ್ ಇಬ್ಬರೂ ಬೇರೆ ಬೇರೆಯಾಗಿ ಇದನ್ನು ಪ್ರಕಟಿಸಿದರು. ಎದುರುಬದುರಾಗಿ ಹೋರಾಡುತ್ತಿದ್ದ ಎರಡು ದೇಶಗಳ ವೈದ್ಯರು ಒಂದೇ ಜುಮ್ಮನ್ನು ಕಂಡುಹಿಡಿದರು. ನನ್ನ ತೋಳಿನಲ್ಲಿ ನಾಲ್ಕನೆಯ ತಿಂಗಳು ಆ ಜುಮ್ಮು ಮೊಣಕೈ ದಾಟಿತು. ಕೆಲವು ದಿನಗಳ ಮೇಲೆ ಮಣಿಕಟ್ಟು ಮೀನಿನ ಬಾಲದಂತೆ ಒಮ್ಮೆ ಮಿಡುಕಿತು. ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ ಬಂದಿತು.

ಗುಣವಾಗುವುದನ್ನು ಕಾಯುತ್ತ ಕುಳಿತುಕೊಳ್ಳದೆ, ಅದನ್ನೇ ಒಂದು ಉದ್ಯೋಗ ಮಾಡಿಕೊಂಡ ಮಹನೀಯರೊಬ್ಬರಿದ್ದರು. ಲಂಡನ್ನಿನ ವೈದ್ಯ ಹೆನ್ರಿ ಹೆಡ್. ನರ ಕಡಿದವರಿಗೆ ಏನಾಗುತ್ತದೆಂದು ರೋಗಿಗಳು ಸರಿಯಾಗಿ ವಿವರಿಸಲಾರರೆಂದು, 1903ರ ಏಪ್ರಿಲಿನಲ್ಲಿ ಅವರು ತಮ್ಮ ಎಡಗೈಯಲ್ಲಿಯೇ ಸ್ಪರ್ಶದ ನರವೊಂದನ್ನು ಕಡಿಸಿ ಹೊಲಿಸಿಕೊಂಡರು. ಆಮೇಲೆ ವರ್ಷಗಟ್ಟಲೆ ಬಿಡುವಾದಾಗಲೆಲ್ಲ ಕೇಂಬ್ರಿಜ್‌ಗೆ ಹೋಗಿ, ಮಿತ್ರರಾದ ರಿವರ್ಸರ ಮುಂದೆ ಕೈ ಚಾಚಿ, ಕಣ್ಣು ಮುಚ್ಚಿ ಕುಳಿತುಕೊಳ್ಳುವರು. ಈ ರಿವರ್ಸರೇ ನಮ್ಮ ನೆರೆಯ ನೀಲಗಿರಿಯ ತೋಡರ ಬಗ್ಗೆ ದೊಡ್ಡ ಗ್ರಂಥ ಬರೆದವರು. ಸೂಜಿಯ ಮೊನೆ, ಹತ್ತಿಯ ಎಳೆ, ಬಿಸಿನೀರು, ತಣ್ಣೀರು—ಯಾವುದು ಎಲ್ಲಿ ತಿಳಿಯಿತು, ಎಲ್ಲಿ ತಿಳಿಯಲಿಲ್ಲ ಎಂದು ಅಂಗುಲ ಅಂಗುಲವಾಗಿ ಗುರುತು ಹಾಕಿ, 1908ರಲ್ಲಿ ಪ್ರಕಟಿಸಿದರು. ಅವರ ಸಿದ್ಧಾಂತವನ್ನು ಮುಂದಿನವರು ಒಪ್ಪಲಿಲ್ಲ. ಆದರೆ ಮೊದಲು ಒರಟಾದ ನೋವು ಮರಳಿ, ನವುರಾದ ಸ್ಪರ್ಶ ಬಹಳ ತಡವಾಗಿ ಬಂದಿತೆಂಬ ಅವರ ಅನುಭವದಲ್ಲಿ ಇಂದಿನ ರೋಗಿಗೂ ಸಮಾಧಾನವುಂಟು.

ನವುರಾದ ಸ್ಪರ್ಶ ತಡವಾಗುವುದಕ್ಕೆ ಮಿದುಳೂ ಒಂದು ಕಾರಣ. 1983ರಲ್ಲಿ ಅಮೆರಿಕದ ಮರ್ಜೆನಿಕ್, ಕಾಸ್ ಮತ್ತು ಅವರ ಸಂಗಡಿಗರು ಕೋತಿಗಳ ಅಂಗೈಯ ನರವೊಂದನ್ನು ಕಡಿದು ನೋಡಿದರು. ಆ ನರದ ವರದಿ ಕೇಳುತ್ತಿದ್ದ ಮಿದುಳಿನ ಭಾಗ ಖಾಲಿ ಕೂರಲಿಲ್ಲ. ಅಕ್ಕಪಕ್ಕದ ಚರ್ಮದ ವರದಿಗಳು ಅಲ್ಲಿಗೆ ನುಗ್ಗಿ ಕುಳಿತವು. ನಮ್ಮ ಬಸ್ಸುಗಳಲ್ಲಿ ನಡೆಯುವಂತೆಯೇ. ಬಸ್ಸಿನ ಸೀಟಿಗೆ ನಾವು ಕಿಟಕಿಯಿಂದ ಟವಲು ಹಾಕುವುದಿಲ್ಲವೆ? ಇಲ್ಲಿಯೂ ಹಾಗೆಯೇ ಹಾಕಬೇಕು. ಆಡದ ಬೆರಳನ್ನು ನೋಡುತ್ತ ‘ಆಡು’ ಎಂದು ಮನಸ್ಸಿನಲ್ಲಿ ಆಡಿಸುವುದು, ಸ್ಪರ್ಶ ಮರಳತೊಡಗಿದ ಮೇಲೆ ಅಕ್ಕಿಯ ಪಾತ್ರೆಯಲ್ಲಿ ಹುಣಿಸೆಬೀಜ, ಗುಂಡಿ, ನಾಣ್ಯಗಳನ್ನು ಹಾಕಿ ಮೊದಲು ನೋಡಿ, ಬಳಿಕ ಕಣ್ಣು ಮುಚ್ಚಿ ಗುರುತಿಸುವುದು—ಇವೆಲ್ಲ ಆ ಟವಲುಗಳು. ಮನೆಯ ಮಕ್ಕಳಿಗೆ ಇದೊಂದು ಆಟ, ಅವರನ್ನೂ ಸೇರಿಸಿಕೊಳ್ಳಬಹುದು.

ಆದರೆ ವ್ಯಾಯಾಮವನ್ನು ನೆಚ್ಚಿ ವೈದ್ಯರನ್ನು ಬಿಡತಕ್ಕದ್ದಲ್ಲ. ನರ ತಲುಪದ ಸ್ನಾಯು ಸುಮಾರು ಒಂದು, ಒಂದೂವರೆ ವರ್ಷ ಮಾತ್ರ ಕಾಯಬಲ್ಲುದು. ಆಮೇಲೆ ಅದು ಸ್ನಾಯುವಾಗಿ ಉಳಿಯುವುದಿಲ್ಲ. ಆದ್ದರಿಂದ ಮೂರು ನಾಲ್ಕು ತಿಂಗಳಾದರೂ ಯಾವ ಗುರುತೂ ಕಾಣದಿದ್ದರೆ ನರದ ಪರೀಕ್ಷೆ ಮಾಡಿಸಿ, ಬೇಕಾದರೆ ಶಸ್ತ್ರಕ್ರಿಯೆಗೆ ಒಪ್ಪಬೇಕು. ನರ ಬಾರದೆಯೇ ಹೋದರೂ ದಾರಿ ಮುಚ್ಚಿತೆಂದಲ್ಲ; ಚೆನ್ನಾಗಿರುವ ಬೇರೊಂದು ಸ್ನಾಯುವಿನ ಕಂಡರವನ್ನು ತಂದು ಜೋಡಿಸಿ ಸೋತ ಬೆರಳನ್ನು ಎತ್ತಿಸುವ ವಿದ್ಯೆಯುಂಟು. ಅದಕ್ಕೂ ಕೀಲು ಸಡಿಲವಾಗಿರಲೇಬೇಕು. ಮೊದಲ ಕರ್ತವ್ಯ ಎರಡು ದಾರಿಗೂ ಒಂದೇ.

ಆ ವಿದ್ಯೆಯನ್ನು ಕುಷ್ಠರೋಗದಿಂದ ನರ ಕೆಟ್ಟವರ ಕೈಗಳಿಗೆ ಒದಗಿಸಿಕೊಟ್ಟವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟರ್ ಪಾಲ್ ಬ್ರಾಂಡ್. ಅಲ್ಲಿಯೇ ಡಾಕ್ಟರ್ ಮೇರಿ ವರ್ಗೀಸ್ ಎಂಬ ತರುಣಿ ಇದ್ದರು. 1954ರಲ್ಲಿ ಮೋಟಾರು ಅಪಘಾತವೊಂದರಲ್ಲಿ ಆಕೆಯ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳು ಶಾಶ್ವತವಾಗಿ ಸೋತವು. ಕೈಕಾಲಿನ ನರದಂತೆ ಬೆನ್ನುಹುರಿಯ ಎಳೆ ಮತ್ತೆ ಬೆಳೆದು ಬರುವುದಿಲ್ಲ. ಆಕೆ ಗಾಲಿಕುರ್ಚಿಯಲ್ಲಿ ಕುಳಿತು ಶಸ್ತ್ರಕ್ರಿಯೆ ಮಾಡುವುದನ್ನು ಕಲಿತು, ಕುಷ್ಠರೋಗಿಗಳ ಮಡಿಸಿಹೋದ ಬೆರಳುಗಳನ್ನು ಬಿಡಿಸಿದರು. ಮುಂದೆ ವಿದೇಶದಲ್ಲಿ ತರಬೇತಿ ಪಡೆದು ಬಂದು, ವೆಲ್ಲೂರಿನಲ್ಲಿ ಅಂಗವಿಕಲರ ಪುನಶ್ಚೇತನದ ವಿಭಾಗವನ್ನು ಕಟ್ಟಿ ನಡೆಸಿದರು. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಆಕೆಗೆ ಸಂದಿತು. ಕಾಲು ಬರಲಿಲ್ಲ, ಆದರೆ ಉಳಿದುದೊಂದನ್ನೂ ಆಕೆ ಸುಮ್ಮನೆ ಬಿಡಲಿಲ್ಲ.

ಕೊನೆಯದಾಗಿ ಮನೆಯವರಿಗೊಂದು ಮಾತು. ಇಂಥ ರೋಗಿಯನ್ನು ದಿನ ಬೆಳಗಾದರೆ ‘ಎಷ್ಟು ಗುಣವಾಯಿತು?’ ಎಂದು ಕೇಳಬೇಡಿ. ದಿನಕ್ಕೆ ರಾಗಿಕಾಳಿನಷ್ಟು ನಡೆಯುವ ನರದ ಲೆಕ್ಕವನ್ನು ಅವನು ಹೇಗೆ ಒಪ್ಪಿಸಿಯಾನು? ಕೇಳಲೇಬೇಕೆಂದಿದ್ದರೆ ‘ಈ ಹೊತ್ತು ಬೆರಳು ಬಿಡಿಸಿದ್ದಾಯಿತೆ?’ ಎಂದು ಕೇಳಿ. ಆ ಪ್ರಶ್ನೆಗೆ ಅವನು ದಿನವೂ ‘ಆಯಿತು’ ಎನ್ನಬಲ್ಲ.