ಕೃತಿಸಂಪುಟ ಕಪಾಟಿನಲ್ಲೇ ಉಳಿಯದಿರಲಿ

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದ ಮೇಲೆ ನಮ್ಮ ಶಾಲೆಗಳಲ್ಲಿ ಮಕ್ಕಳ ಕೆಲಸಗಳನ್ನು ಕೂಡಿಡುವ ಕೃತಿಸಂಪುಟ ಇಡುವುದು ರೂಢಿಯಾಗಿದೆ. ಕರಾವಳಿಯ ಮಳೆಗಾಲದಲ್ಲಿ ಆ ಹಾಳೆಗಳಿಗೆ ಬೂಸ್ಟು ಹಿಡಿಯುತ್ತದೆ. ಉಡುಪಿ ಜಿಲ್ಲೆ ಇವನ್ನು ಡಿಜಿಟಲ್ ರೂಪಕ್ಕೆ ತರಬೇಕು. ಕಾಪುವಿನ ಮಗು ಬಲೆ ನೇಯುವ ಬಗೆ ವಿವರಿಸಿದ ಧ್ವನಿಮುದ್ರಣ, ಕಾರ್ಕಳದ ವಿದ್ಯಾರ್ಥಿ ತನ್ನೂರಿನಲ್ಲಿ 1432ರಲ್ಲಿ ಪ್ರತಿಷ್ಠಾಪನೆಯಾದ ಗೊಮ್ಮಟನ ಕುರಿತು ಬರೆದ ಕರಡು, ಶಿಕ್ಷಕರ ಸಲಹೆ, ತಿದ್ದಿದ ಪ್ರತಿ ಎಲ್ಲವೂ ಅಲ್ಲಿರಲಿ. ಅಂಕಪಟ್ಟಿ ಹೇಳದ ಬೆಳವಣಿಗೆಯನ್ನು ಇವು ತೋರಿಸುತ್ತವೆ. ವೈದ್ಯಕೀಯ ಶಿಕ್ಷಣದಲ್ಲಿ 2019ರಿಂದ ಜಾರಿಯಾದ ಸಾಮರ್ಥ್ಯಾಧಾರಿತ ಪಠ್ಯಕ್ರಮವೂ ಇದೇ ರೀತಿ ಕಲಿಕೆಯನ್ನು ದಾಖಲಿಸುವ ಲಾಗ್‌ಬುಕ್‌ಗೆ ಮಹತ್ವ ಕೊಟ್ಟಿದೆ. ವೈದ್ಯಕೀಯ ಶಿಕ್ಷಣಕ್ಕೆ ಹೆಸರಾದ, ಇದೇ ಜಿಲ್ಲೆಯ ಮಣಿಪಾಲದ ತಾಂತ್ರಿಕ ಪರಿಣತಿ ಸುತ್ತಲಿನ ಶಾಲೆಗಳಿಗೂ ದಕ್ಕಲಿ. ಫೋಟೊ ತೆಗೆದು ಅಪ್‌ಲೋಡ್ ಮಾಡುವುದಷ್ಟೇ ಶಿಕ್ಷಕರ ಪಾಲಿನ ಕೆಲಸವಾಗಬಾರದು. ಅವರಿಗೆ ತರಬೇತಿ, ಸಮಯ ಕೊಡಿ. ಪೋಷಕರ ಒಪ್ಪಿಗೆ ಪಡೆಯಿರಿ. ಯಾವ ಕೆಲಸ ಸೇರಬೇಕೆಂದು ಮಗುವೇ ಆರಿಸಲಿ.